ನೆರೆಮನೆಯ ಜಗಳಕ್ಕೆ ಕೊಟ್ಟ ಬಂದೂಕು

ಕಡೂರು ತಾಲ್ಲೂಕಿನ ದೇವನೂರನ್ನು ಕನ್ನಡಿಗರು ಬಲ್ಲದ್ದು ಲಕ್ಷ್ಮೀಶ ಕವಿಯ ಊರೆಂದು. ಅವನ ಜೈಮಿನಿ ಭಾರತ ಆರಂಭವಾಗುವುದು ಯುದ್ಧ ಮುಗಿದ ಮೇಲೆ. ಗೆದ್ದ ಧರ್ಮರಾಯನಿಗೆ ನೆಮ್ಮದಿಯಿಲ್ಲ. ಬಂಧುಗಳನ್ನು ಕೊಂದ ಪಾಪ ಅವನನ್ನು ಕಾಡುತ್ತದೆ. ಅದನ್ನು ಕಳೆದುಕೊಳ್ಳಲು ಅಶ್ವಮೇಧ ಹೂಡುತ್ತಾನೆ. ಆ ಕುದುರೆಯ ಬೆನ್ನು ಹತ್ತಿ ಹೋದರೆ ಮತ್ತೆ ಯುದ್ಧಗಳೇ. ಕಡೆಗೆ ಅರ್ಜುನ ಬೀಳುವುದು ಸ್ವಂತ ಮಗ ಬಭ್ರುವಾಹನನ ಕೈಯಲ್ಲಿ.

ಈ ಕಥೆಯ ಹಿಂದುಮುಂದಿನಲ್ಲಿ, ಮೂಲ ಮಹಾಭಾರತದಲ್ಲಿ, ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಎಳೆಯಿದೆ. ಕುರುಕ್ಷೇತ್ರದ ಜಗಳ ಯಾದವರದ್ದಲ್ಲ. ಆದರೂ ಸಹಾಯ ಬೇಡಿ ಎರಡೂ ಕಡೆಯವರು ದ್ವಾರಕೆಗೆ ಹೋದರು. ಕೃಷ್ಣ ತನ್ನ ಸೇನೆಯನ್ನು ದುರ್ಯೋಧನನಿಗೆ ಕೊಟ್ಟು, ತಾನು ನಿರಾಯುಧನಾಗಿ ಅರ್ಜುನನ ರಥ ಹತ್ತಿದ. ಯಾದವರಲ್ಲಿ ಕೃತವರ್ಮ ಕೌರವರ ಕಡೆ ನಿಂತರೆ ಸಾತ್ಯಕಿ ಪಾಂಡವರ ಕಡೆ ನಿಂತ. ಬಲರಾಮನೊಬ್ಬ ಈ ಗೊಡವೆಯೇ ಬೇಡವೆಂದು ತೀರ್ಥಯಾತ್ರೆಗೆ ಹೊರಟುಹೋದ. ಯುದ್ಧ ಮುಗಿಯಿತು, ವರ್ಷಗಳು ಕಳೆದವು. ಪ್ರಭಾಸ ಕ್ಷೇತ್ರದಲ್ಲಿ ಕುಡಿದು ಕುಳಿತಿದ್ದ ಸಾತ್ಯಕಿ, ಮಲಗಿದವರನ್ನು ಕೊಲ್ಲಲು ಹೋದವನಲ್ಲವೇ ನೀನು ಎಂದು ಕೃತವರ್ಮನನ್ನು ಹಂಗಿಸಿದ. ಅವನೂ ಸುಮ್ಮನಿರಲಿಲ್ಲ. ಆ ಮಾತಿಗೆ ಮಾತು ಬೆಳೆದು ಯಾದವ ಕುಲವೇ ತನ್ನೊಳಗೆ ಬಡಿದಾಡಿ ನಾಶವಾಯಿತು. ಪರರ ಅಂತಃಕಲಹಕ್ಕೆ ಕಳಿಸಿದ ಸೇನೆಯ ಜಗಳ ದಾರಿ ಹುಡುಕಿಕೊಂಡು ಮನೆಗೇ ಬಂದಿತ್ತು.

ಕರ್ನಾಟಕದ ಮಟ್ಟಿಗೆ ಇಂಥದೊಂದು ಕಲಹ ಮನೆ ಬಾಗಿಲಿಗೆ ಬಂದ ದಿನಾಂಕವನ್ನು ಖಚಿತವಾಗಿಯೇ ಹೇಳಬಹುದು: 1991ರ ಆಗಸ್ಟ್ 20. ಸ್ಥಳ, ಬೆಂಗಳೂರಿನ ದಕ್ಷಿಣದಂಚಿನ ಕೋಣನಕುಂಟೆ. ಆಗಿನ್ನೂ ಅದು ನಗರಕ್ಕೆ ಪೂರ್ತಿ ಸೇರಿರದ ಊರು. ಅಲ್ಲಿನ ಬಾಡಿಗೆ ಮನೆಯೊಂದರೊಳಗೆ ಬೆಳಗಿನ ಜಾವ ಕಮಾಂಡೋಗಳು ನುಗ್ಗಿದಾಗ ಸಿಕ್ಕಿದ್ದು 7 ಹೆಣಗಳು. ಶಿವರಾಸನ್ ಗುಂಡು ಹೊಡೆದುಕೊಂಡು ಸತ್ತಿದ್ದ. ಶುಭಾ ಮತ್ತು ಉಳಿದವರು ಸಯನೈಡ್ ಕಚ್ಚಿದ್ದರು. ಅದಕ್ಕೆ ಮೂರು ತಿಂಗಳ ಹಿಂದೆ, ಮೇ 21ರ ರಾತ್ರಿ, ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯನ್ನು ನಡೆಸಿದ ತಂಡದ ನಾಯಕ ಈ ಶಿವರಾಸನ್. ಕೋಣನಕುಂಟೆಯ ಮನೆಯ ಬಾಗಿಲು ಒಡೆದ ಆ ದಿನ, ಬದುಕಿದ್ದರೆ, ರಾಜೀವರ 47ನೆಯ ಹುಟ್ಟುಹಬ್ಬ.

ಜೀವಂತ ಹಿಡಿಯಬೇಕೆಂಬ ಆಸೆಯಲ್ಲಿ ಮನೆಯನ್ನು ಸುತ್ತುವರಿದು ಕಾದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಆಗ ಪತ್ರಿಕೆಗಳಲ್ಲಿ ಬಹಳ ದಿನ ನಡೆಯಿತು. ಅದಕ್ಕೂ ಎರಡು ಮೂರು ದಿನ ಮೊದಲು ಮಂಡ್ಯ ಜಿಲ್ಲೆಯ ಮುತ್ತತ್ತಿ ಮತ್ತು ಬಿರೂಟದಲ್ಲಿ ಅಡಗಿದ್ದ ಎಲ್‌ಟಿಟಿಇಯ ಹತ್ತಕ್ಕೂ ಹೆಚ್ಚು ಮಂದಿ, ಪೊಲೀಸರು ಬಂದರೆಂದು ತಿಳಿದು ಸಯನೈಡ್ ನುಂಗಿ ಸತ್ತಿದ್ದರು. ಕಾವೇರಿ ತೀರದ ಹಳ್ಳಿಯ ಜನಕ್ಕೆ ಇವರು ಯಾರು, ಎಲ್ಲಿಯವರು, ಇಲ್ಲಿಗೇಕೆ ಬಂದು ಸತ್ತರು ಎಂಬುದೇ ಒಗಟಾಗಿತ್ತು. ಈ ಪ್ರಕರಣದ ತನಿಖಾ ದಳದ ಮುಖ್ಯಸ್ಥರಾಗಿದ್ದ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಅಧಿಕಾರಿ. ಮುಂದೆ 2006ರಲ್ಲಿ ಎ.ಎಂ.ಆರ್. ರಮೇಶ್ ಇದನ್ನೇ ಆಧರಿಸಿ 'ಸಯನೈಡ್' ಎಂಬ ಕನ್ನಡ ಚಿತ್ರ ತೆಗೆದರು. ಆದರೆ ಸಿನಿಮಾಕ್ಕೆ ಒಗ್ಗದ ಭಾಗವೊಂದು ಈ ಕಥೆಯಲ್ಲಿದೆ. ಹತ್ಯೆ ಮಾಡಿದ ಸಂಘಟನೆಗೆ, ಆ ಹತ್ಯೆಗೆ ಎಂಟು ವರ್ಷ ಮೊದಲು, ಬಂದೂಕು ಹಿಡಿಯುವ ತರಬೇತಿಯನ್ನು ಕೊಡಿಸಿದ್ದು ಭಾರತ ಸರ್ಕಾರವೇ.

ಇದನ್ನು ಕೇವಲ ಮೂರ್ಖತನವೆಂದು ತಳ್ಳಿಹಾಕುವುದು ಸುಲಭ. ಆ ನಿರ್ಧಾರದ ಹೊತ್ತಿನಲ್ಲಿ ದೆಹಲಿಯ ಮುಂದೆ ಏನಿತ್ತು ಎಂಬುದನ್ನು ನೋಡಿದರೆ ಮಾತು ಅಷ್ಟು ಸುಲಭವಲ್ಲ.

ಶ್ರೀಲಂಕಾದ ತಮಿಳರ ಅಸಮಾಧಾನ ಒಂದು ದಿನದ್ದಲ್ಲ. 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಲಾಯಿತು. ಮರುವರ್ಷ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ನಡುವೆ ಆದ ಒಪ್ಪಂದ ಬೌದ್ಧ ಭಿಕ್ಷುಗಳ ಹಾಗೂ ವಿರೋಧ ಪಕ್ಷದ ಗದ್ದಲಕ್ಕೆ ಬಲಿಯಾಯಿತು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ನಿಯಮಗಳು ತಮಿಳು ಯುವಕರನ್ನು ಹೊರಗಿಟ್ಟವು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಹಳೆಯ ತಾಳೆಗರಿಗಳೂ ಅದರೊಂದಿಗೆ ಹೋದವು. 1983ರ ಜುಲೈ 23ರಂದು ಎಲ್‌ಟಿಟಿಇ ಹೊಂಚುದಾಳಿಯಲ್ಲಿ 13 ಸೈನಿಕರು ಸತ್ತರು. ಮುಂದಿನ ವಾರ ಕೊಲಂಬೊದ ಬೀದಿಗಳಲ್ಲಿ ತಮಿಳರ ಮನೆ, ಅಂಗಡಿಗಳನ್ನು ಮತದಾರರ ಪಟ್ಟಿ ಹಿಡಿದು ಹುಡುಕಿ ಸುಡಲಾಯಿತು. ವೆಲಿಕಡ ಸೆರೆಮನೆಯೊಳಗೇ 53 ತಮಿಳು ಕೈದಿಗಳ ಕೊಲೆಯಾಯಿತು. ಸತ್ತವರು ನಾನ್ನೂರರೊಳಗೆ ಎಂದು ಸರ್ಕಾರದ ಲೆಕ್ಕ. ಮೂರು ಸಾವಿರದವರೆಗೆ ಎಂದು ಇತರರ ಅಂದಾಜು. ಪಾಕ್ ಜಲಸಂಧಿ ದಾಟಿ ತಮಿಳುನಾಡಿನ ದಡಕ್ಕೆ ನಿರಾಶ್ರಿತರ ದೋಣಿಗಳು ಬರತೊಡಗಿದವು.

ಆಗ ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿ. ಸೋತು ಮೂಲೆಗುಂಪಾಗಿದ್ದ ಅವರನ್ನು 1978ರ ನವೆಂಬರಿನ ಉಪಚುನಾವಣೆಯಲ್ಲಿ ಲೋಕಸಭೆಗೆ ಮರಳಿ ಕಳಿಸಿದ್ದು ಚಿಕ್ಕಮಗಳೂರಿನ ಮತದಾರರು ಎಂಬುದನ್ನು ಈ ಭಾಗದ ಹಿರಿಯರು ಮರೆತಿಲ್ಲ. 1983ರಲ್ಲಿ ಅವರು ಎರಡು ದಾರಿಗಳನ್ನು ಒಟ್ಟಿಗೇ ಹಿಡಿದರು. ಬಹಿರಂಗವಾಗಿ, ವಿದೇಶಾಂಗ ಸಚಿವ ಪಿ.ವಿ. ನರಸಿಂಹರಾಯರನ್ನೂ ಆಮೇಲೆ ವಿಶೇಷ ದೂತ ಜಿ. ಪಾರ್ಥಸಾರಥಿಯವರನ್ನೂ ಕೊಲಂಬೊಗೆ ಕಳಿಸಿ ಸಂಧಾನ ನಡೆಸಿದರು. ಗುಟ್ಟಾಗಿ, 'ರಾ' ಸಂಸ್ಥೆಯ ಮೂಲಕ ತಮಿಳು ಉಗ್ರಗಾಮಿ ಗುಂಪುಗಳ ಹುಡುಗರಿಗೆ ಡೆಹರಾಡೂನ್ ಸಮೀಪ ತರಬೇತಿ ಕೊಡಿಸಿದರು. ಎಲ್‌ಟಿಟಿಇ, ಟೆಲೊ, ಪ್ಲಾಟ್, ಈರೋಸ್, ಇಪಿಆರ್‌ಎಲ್‌ಎಫ್ ಎಂಬ ಐದು ಮುಖ್ಯ ಗುಂಪುಗಳು, ಮರಿಗುಂಪುಗಳು ಬೇರೆ.

ಇದರ ಹಿಂದೆ ಮರುಕವೂ ಇತ್ತು, ಲೆಕ್ಕವೂ ಇತ್ತು. ತಮಿಳುನಾಡಿನ ಜನರ ಕುದಿತವನ್ನು ಕೇಂದ್ರ ಕಡೆಗಣಿಸುವಂತಿರಲಿಲ್ಲ. ಪ್ರತ್ಯೇಕ ದ್ರಾವಿಡ ನಾಡಿನ ಬೇಡಿಕೆಯನ್ನು ಡಿಎಂಕೆ ಕೈಬಿಟ್ಟು ಆಗ ಇಪ್ಪತ್ತೇ ವರ್ಷವಾಗಿತ್ತು. ಇನ್ನೊಂದೆಡೆ ಅಧ್ಯಕ್ಷ ಜಯವರ್ಧನೆ ಅಮೆರಿಕ, ಇಸ್ರೇಲ್, ಪಾಕಿಸ್ತಾನಗಳ ನೆರವು ಅರಸುತ್ತಿದ್ದರು. ತ್ರಿಂಕೋಮಲಿ ಬಂದರು ಪರರ ಪಾಲಾದೀತೆಂಬ ಅಂಜಿಕೆ ದೆಹಲಿಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹನ್ನೆರಡು ವರ್ಷ ಹಿಂದಿನ ಬಾಂಗ್ಲಾ ಗೆಲುವಿನ ನೆನಪು ಹಸಿರಾಗಿತ್ತು. ಅಲ್ಲಿ ಮುಕ್ತಿವಾಹಿನಿಗೆ ತರಬೇತಿ ಕೊಟ್ಟು, ಆಯುಧ ಕೊಟ್ಟು, ಕೊನೆಗೆ ಸೈನ್ಯವನ್ನೂ ಕಳಿಸಿ ಭಾರತ ಗೆದ್ದಿತ್ತು.

ಆದರೆ ಬಾಂಗ್ಲಾ ಬೇರೆ, ಲಂಕೆ ಬೇರೆ. ಪೂರ್ವ ಪಾಕಿಸ್ತಾನದಲ್ಲಿ ಬಂಗಾಳಿಗಳೇ ಬಹುಸಂಖ್ಯಾತರು. ಶೇಖ್ ಮುಜೀಬರ ಪಕ್ಷ 1970ರ ಚುನಾವಣೆಯಲ್ಲಿ ಅಲ್ಲಿನ ಹೆಚ್ಚುಕಡಿಮೆ ಎಲ್ಲ ಸ್ಥಾನಗಳನ್ನೂ ಗೆದ್ದಿತ್ತು. ಹೋರಾಟಕ್ಕೆ ಒಬ್ಬ ನಾಯಕ, ಒಂದು ಗುರಿ. ಆ ಗುರಿಯೇ ಭಾರತದ ಗುರಿಯೂ ಆಗಿತ್ತು. ಲಂಕೆಯ ತಮಿಳರು 1981ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 13ಕ್ಕಿಂತ ಕಡಿಮೆ. ಗುಂಪುಗಳು ಹತ್ತಾರು. ಮುಖ್ಯವಾಗಿ, ಅವರ ಗುರಿ ಸ್ವತಂತ್ರ ಈಳಂ; ಭಾರತಕ್ಕೆ ಅದು ಬೇಡವೇ ಬೇಡ. ತನ್ನದೇ ಮನೆಯಲ್ಲಿ ಪಂಜಾಬಿನ ಪ್ರತ್ಯೇಕತಾವಾದ ಉರಿಯುತ್ತಿರುವಾಗ, ಅದಕ್ಕೆ ಪಾಕಿಸ್ತಾನ ತುಪ್ಪ ಸುರಿಯುತ್ತಿದೆ ಎಂದು ಜಗತ್ತಿಗೆ ದೂರುತ್ತಿರುವಾಗ, ಪಕ್ಕದ ದೇಶವನ್ನು ಸೀಳುವುದನ್ನು ದೆಹಲಿ ಹೇಗೆ ಒಪ್ಪೀತು?

ಹಾಗಾದರೆ ಬಂದೂಕು ಕೊಟ್ಟದ್ದು ಏತಕ್ಕೆ? ಹೆದರಿಸಲಿಕ್ಕೆ. ಹುಡುಗರು ಜಯವರ್ಧನೆಯವರನ್ನು ಮಾತುಕತೆಯ ಮೇಜಿಗೆ ಎಳೆದು ತರುವಷ್ಟು ಬಲಿಯಬೇಕು, ಆದರೆ ಗೆಲ್ಲುವಷ್ಟು ಬಲಿಯಬಾರದು. ಈ ಅಳತೆ ಕಾಗದದ ಮೇಲೆ ಸೊಗಸಾಗಿ ಕಾಣುತ್ತದೆ. ಅಡುಗೆಗೆ ಉಪ್ಪು ಹಾಕಿದಂತೆ ಬಂಡಾಯಕ್ಕೆ ಬಂದೂಕು ಹಾಕಲು ಬರುವುದಿಲ್ಲ. ಪಡೆದವನು ಪ್ರಾಣ ಒತ್ತೆಯಿಟ್ಟಿರುತ್ತಾನೆ. ಕೊಟ್ಟವನ ಅಳತೆಗೆ ತಕ್ಕಂತೆ ಅವನು ನಿಲ್ಲಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಯಾವ ಗುಂಪಿಗೆ ಎಷ್ಟು ಎಂಬುದು ಇನ್ನೊಂದು ತೊಡಕು. ಯಾವ ಗುಂಪೂ ಮಿತಿಮೀರಿ ಬೆಳೆಯಬಾರದೆಂದು ಹಲವಕ್ಕೆ ಹಂಚಿದರು. ಹೇಳಿದ ಮಾತು ಕೇಳುವ ಟೆಲೊ ಗುಂಪಿನ ಮೇಲೆ ದೆಹಲಿಗೆ ಒಲವು. ಮದರಾಸಿನಲ್ಲಿ ಲೆಕ್ಕ ಬೇರೆಯೇ: ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಪ್ರಭಾಕರನ್‌ಗೆ ಕೈತುಂಬ ಹಣ ಕೊಟ್ಟರು, ಕರುಣಾನಿಧಿಯವರ ಪ್ರೀತಿ ಟೆಲೊ ಕಡೆಗಿತ್ತು. ಹೀಗೆ ಲಂಕೆಯ ಅಂತರ್ಯುದ್ಧದೊಳಗೆ ತಮಿಳುನಾಡಿನ ಪಕ್ಷರಾಜಕೀಯವೂ ಸೇರಿಕೊಂಡಿತು. ದೆಹಲಿಯೊಂದನ್ನೇ ನೆಚ್ಚಿದ ಗುಂಪುಗಳು ದೆಹಲಿಯ ಕೈ ನೋಡುತ್ತ ಕೂತವು. ಎಲ್ಲಿಂದ ಎಷ್ಟು ಸಿಕ್ಕೀತೋ ಅಷ್ಟನ್ನು ಬಾಚಿಕೊಂಡು, ಹೊರದೇಶಗಳ ತಮಿಳರಿಂದ ಹಣ ಎತ್ತಿ, ಸ್ವಂತ ಹಡಗುಗಳಲ್ಲಿ ಆಯುಧ ತರಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡ ಎಲ್‌ಟಿಟಿಇ ಯಾರ ಹಂಗಿನಲ್ಲೂ ಉಳಿಯಲಿಲ್ಲ. ನೆರವಿನ ವಿಚಿತ್ರವೇ ಇದು. ಮಾತು ಕೇಳುವವನು ಯುದ್ಧದಲ್ಲಿ ಮೆತ್ತಗೆ. ಯುದ್ಧದಲ್ಲಿ ಗಟ್ಟಿಗನು ಮಾತು ಕೇಳುವವನಲ್ಲ.

ಪರಿಣಾಮ ಬೇಗನೆ ಕಂಡಿತು. 1984ರ ಮಾರ್ಚ್‌ನಲ್ಲಿ 'ಇಂಡಿಯಾ ಟುಡೇ' ತರಬೇತಿ ಶಿಬಿರಗಳ ಗುಟ್ಟನ್ನು ಬಯಲು ಮಾಡಿತು. ಸರ್ಕಾರ ಅಂಥದ್ದೇನೂ ಇಲ್ಲವೆಂದಿತು. ಅದೇ ಆಗಸ್ಟ್ 2ರಂದು ಕೊಲಂಬೊಗೆ ಕಳಿಸಲೆಂದು ಸಿದ್ಧಪಡಿಸಿದ್ದ ಬಾಂಬು ಮದರಾಸಿನ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲೇ ಸಿಡಿದು ಸುಮಾರು 30 ಮಂದಿ ಸತ್ತರು. 1985ರ ಮೇ 14ರಂದು ಅನುರಾಧಪುರದಲ್ಲಿ ಎಲ್‌ಟಿಟಿಇ ಬಸ್ ನಿಲ್ದಾಣದಲ್ಲಿ, ಪವಿತ್ರ ಬೋಧಿವೃಕ್ಷದ ಬಳಿ 146 ಸಿಂಹಳೀಯರನ್ನು ಕೊಂದಿತು. ಮರುವರ್ಷ ಮೇ ತಿಂಗಳಲ್ಲಿ ಅದರ ಬಂದೂಕು ತಮಿಳರ ಕಡೆಗೇ ತಿರುಗಿತು. ಟೆಲೊ ನಾಯಕ ಶ್ರೀ ಸಬಾರತ್ನಂ ಮತ್ತು ಅವರ ನೂರಾರು ಹುಡುಗರನ್ನು ಮುಗಿಸಿತು. ಸತ್ತವರಲ್ಲಿಯೂ ಕೊಂದವರಲ್ಲಿಯೂ ಭಾರತದಲ್ಲಿ ತರಬೇತಿ ಪಡೆದವರು ಇದ್ದರು. ವರ್ಷದ ಕೊನೆಯಲ್ಲಿ ಇಪಿಆರ್‌ಎಲ್‌ಎಫ್ ಸರದಿ.

ಈ ಹೊತ್ತಿಗೆ ದೆಹಲಿಯಲ್ಲಿ ರಾಜೀವ್ ಗಾಂಧಿ ಬಂದಿದ್ದರು. ತಾಯಿಗೆ ಒತ್ತಡದ ಸಾಧನವಾಗಿ ಕಂಡದ್ದು ಮಗನಿಗೆ ತಲೆನೋವಾಗಿ ಕಂಡಿತು. ಬೇಗ ಒಪ್ಪಂದ ಮಾಡಿಸಿ ಮುಗಿಸಬೇಕೆಂಬುದು ಅವರ ಆತುರ. ಈ ಆತುರದ ಒಂದು ಮುಖ್ಯ ಅಂಕ ನಡೆದದ್ದು ಬೆಂಗಳೂರಿನಲ್ಲಿ. 1986ರ ನವೆಂಬರ್ 16 ಮತ್ತು 17ರಂದು ಎರಡನೆಯ ಸಾರ್ಕ್ ಶೃಂಗಸಭೆ ಇಲ್ಲಿ ಸೇರಿತು. ರಾಮಕೃಷ್ಣ ಹೆಗಡೆ ಆಗಿನ ಮುಖ್ಯಮಂತ್ರಿ. ಜಯವರ್ಧನೆ ಬಂದಿದ್ದರು. ಅದೇ ಸಮಯಕ್ಕೆ ಪ್ರಭಾಕರನ್ ಮತ್ತು ಸಲಹೆಗಾರ ಆಂಟನ್ ಬಾಲಸಿಂಗಂ ಅವರನ್ನೂ ಗುಟ್ಟಾಗಿ ಮದರಾಸಿನಿಂದ ಬೆಂಗಳೂರಿಗೆ ಕರೆತರಲಾಯಿತು. ಎಂ.ಜಿ.ಆರ್. ಕೂಡ ಬಂದರು. ಪೂರ್ವ ಪ್ರಾಂತ್ಯವನ್ನು ಮೂರು ಭಾಗ ಮಾಡಿ ತಮಿಳರಿಗೆ ಒಂದು ಪಾಲು ಕೊಡುವ ಸೂಚನೆ ಅವರ ಮುಂದಿಡಲಾಯಿತು. ಉತ್ತರ ಮತ್ತು ಪೂರ್ವ ಒಂದೇ ತಾಯ್ನಾಡು, ಒಡೆಯಲಾಗದು ಎಂದು ಪ್ರಭಾಕರನ್ ತಲೆಯಾಡಿಸಿಬಿಟ್ಟ.

ಅದಕ್ಕೆ ಒಂದು ವಾರ ಹಿಂದಷ್ಟೇ ತಮಿಳುನಾಡು ಪೊಲೀಸರು ಎಲ್ಲ ಗುಂಪುಗಳ ಮೇಲೂ ದಾಳಿ ಮಾಡಿ ಆಯುಧಗಳನ್ನು ವಶಪಡಿಸಿಕೊಂಡಿದ್ದರು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಬೆಂಗಳೂರಿನಿಂದ ಮರಳಿದ ಮೇಲೆ ಸಂಪರ್ಕ ಉಪಕರಣಗಳನ್ನೂ ತೆಗೆದುಕೊಂಡಾಗ ಪ್ರಭಾಕರನ್ ಮದರಾಸಿನಲ್ಲಿ ಉಪವಾಸ ಕೂತ. ಸರ್ಕಾರವೇ ಸೋತು ಅವನ್ನು ಮರಳಿಸಿತು. 1987ರ ಜನವರಿಯಲ್ಲಿ ಆತ ಜಾಫ್ನಾಕ್ಕೆ ಹೋದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆರು ತಿಂಗಳಲ್ಲಿ ಬೆಂಗಳೂರು ಮತ್ತೊಮ್ಮೆ ಈ ಕಥೆಗೆ ಬರುತ್ತದೆ. ಲಂಕಾ ಸೇನೆ ವಡಮರಾಚ್ಚಿಯ ಮೇಲೆ ದಂಡೆತ್ತಿ ಜಾಫ್ನಾವನ್ನು ಮುತ್ತಿತ್ತು. ಜೂನ್ 3ರಂದು ಪರಿಹಾರ ಸಾಮಗ್ರಿ ಹೊತ್ತು ಹೊರಟ ಭಾರತೀಯ ದೋಣಿಗಳನ್ನು ಲಂಕಾ ನೌಕಾಪಡೆ ತಡೆದು ಹಿಂದಕ್ಕೆ ಕಳಿಸಿತು. ಮರುದಿನ ಬೆಂಗಳೂರಿನಿಂದ ಐದು ಎಎನ್-32 ವಿಮಾನಗಳು, ಮಿರಾಜ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಹಾರಿ ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ, ಔಷಧ ಸುರಿದು ಬಂದವು. ಕಾರ್ಯಾಚರಣೆಯ ಹೆಸರು 'ಪೂಮಾಲೈ', ಅಂದರೆ ಹೂಮಾಲೆ. ಪರದೇಶದ ಆಕಾಶಕ್ಕೆ ಅನುಮತಿಯಿಲ್ಲದೆ ನುಗ್ಗಿ ಹಾಕಿದ ಮಾಲೆ ಅದು. ಜಯವರ್ಧನೆ ಬಗ್ಗಿದರು. ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಗೌರವವಂದನೆ ಸ್ವೀಕರಿಸುತ್ತಿದ್ದ ರಾಜೀವರ ಮೇಲೆ ಸಿಂಹಳ ನೌಕಾ ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ಆ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಒಪ್ಪಂದದ ಪ್ರಕಾರ ಉಗ್ರರು ಆಯುಧ ಒಪ್ಪಿಸಬೇಕಿತ್ತು. ಅದನ್ನು ನೋಡಿಕೊಳ್ಳಲು ಹೋದದ್ದು ಭಾರತೀಯ ಶಾಂತಿ ಪಾಲನಾ ಪಡೆ. ಎಲ್‌ಟಿಟಿಇ ಶಾಸ್ತ್ರಕ್ಕಷ್ಟು ತುಕ್ಕು ಬಂದೂಕು ಒಪ್ಪಿಸಿ ಉಳಿದದ್ದನ್ನು ಹೂತಿಟ್ಟಿತು. ಅಕ್ಟೋಬರ್ 10ರ ವೇಳೆಗೆ, ಶಾಂತಿ ಕಾಯಲು ಹೋದ ಪಡೆ ಯುದ್ಧಕ್ಕಿಳಿದಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯ ತುಕಡಿಯಲ್ಲಿ 29 ಜನ ಅಲ್ಲೇ ಸತ್ತರು. ನವೆಂಬರಿನಲ್ಲಿ, ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ರೈಫಲ್ ಕಿತ್ತುಕೊಂಡು ಅವನನ್ನೇ ಹೊಡೆದು ಸತ್ತ ಮೇಜರ್ ರಾಮಸ್ವಾಮಿ ಪರಮೇಶ್ವರನ್‌ಗೆ ಪರಮವೀರ ಚಕ್ರ ಬಂತು, ಅವರೂ ತಮಿಳರೇ. ಜಾಫ್ನಾದ ಸಾಮಾನ್ಯ ಜನರಿಗೆ ಆದದ್ದೂ ಕಡಿಮೆಯಲ್ಲ. ಅಕ್ಟೋಬರ್ 21ರಂದು ಅಲ್ಲಿನ ಆಸ್ಪತ್ರೆಗೆ ನುಗ್ಗಿದ ಭಾರತೀಯ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಮಂದಿ ಬಲಿಯಾದರು. ಯಾರನ್ನು ಕಾಪಾಡಲೆಂದು ಇದೆಲ್ಲ ಆರಂಭವಾಯಿತೋ ಅವರೇ ಭಾರತೀಯ ಸೈನಿಕನನ್ನು ಕಂಡು ಬಾಗಿಲು ಹಾಕಿಕೊಳ್ಳುವ ಕಾಲ ಬಂತು. 1990ರ ಮಾರ್ಚ್ 24ರಂದು ಕೊನೆಯ ತಂಡ ಮರಳಿದಾಗ ಸತ್ತ ಭಾರತೀಯ ಯೋಧರ ಸಂಖ್ಯೆ ಸುಮಾರು 1,200. ಸೇತುಪತಿ ಬೀದಿಗಳಲ್ಲಿ ಮೆರವಣಿಗೆ ಇರಲಿ, ಅವರನ್ನು ಇಳಿಸಿಕೊಳ್ಳಲು ಮದರಾಸಿನ ಬಂದರಿಗೆ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲೂ ಇಲ್ಲ.

ಈ ಇತಿಹಾಸದ ಅತ್ಯಂತ ವಿಚಿತ್ರ ಪ್ರಸಂಗ ಇನ್ನೂ ಹೇಳಬೇಕಿದೆ. ಜಯವರ್ಧನೆಯವರ ನಂತರ ಅಧ್ಯಕ್ಷರಾದ ಪ್ರೇಮದಾಸರಿಗೆ ಭಾರತೀಯ ಸೈನ್ಯ ತಮ್ಮ ನೆಲದಲ್ಲಿರುವುದು ಸಹಿಸದು. 1989ರಲ್ಲಿ ಅವರು ಎಲ್‌ಟಿಟಿಇ ಜೊತೆ ಮಾತುಕತೆ ಹೂಡಿದರು. ಭಾರತೀಯ ಪಡೆಯ ವಿರುದ್ಧ ಬಳಸಲೆಂದು ಲಂಕಾ ಸರ್ಕಾರದ ಉಗ್ರಾಣದಿಂದಲೇ ಅದಕ್ಕೆ ಆಯುಧ ಕೊಡಿಸಿದರು. ತನ್ನ ದೇಶವನ್ನು ಒಡೆಯಲು ಹೊರಟ ಬಂಡಾಯಗಾರರಿಗೆ ದೇಶದ ಅಧ್ಯಕ್ಷನೇ ಬಂದೂಕು ಕೊಟ್ಟ ಉದಾಹರಣೆ ಬೇರೆಲ್ಲಿ ಸಿಕ್ಕೀತು? ಅದೇ ಹೊತ್ತಿಗೆ ಭಾರತ, ತಾನು ಹೊರಟ ಮೇಲೆ ಎಲ್‌ಟಿಟಿಇಯನ್ನು ಎದುರಿಸಲೆಂದು ಇಪಿಆರ್‌ಎಲ್‌ಎಫ್ ಮೂಲಕ 'ತಮಿಳು ರಾಷ್ಟ್ರೀಯ ಸೇನೆ' ಕಟ್ಟಿಸಿ ಅದಕ್ಕೆ ಆಯುಧ ತುಂಬಿತು. ಅದರಲ್ಲಿ ಬಹಳಷ್ಟು ಜನ ಬಲವಂತದಿಂದ ಹಿಡಿದು ತಂದ ಹುಡುಗರು. ಎಲ್‌ಟಿಟಿಇ ಕೆಲವೇ ವಾರಗಳಲ್ಲಿ ಅವರನ್ನು ಚದುರಿಸಿ ಆ ಆಯುಧಗಳನ್ನೂ ಬಾಚಿಕೊಂಡಿತು. ಹೀಗೆ ಎರಡು ಸರ್ಕಾರಗಳು ಪರಸ್ಪರರ ಮೇಲಿನ ಸಿಟ್ಟಿಗೆ ಕಳಿಸಿದ ಬಂದೂಕುಗಳು ಒಂದೇ ಮನೆ ಸೇರಿದವು. ಭಾರತೀಯರು ಹೋದ ಮೂರೇ ತಿಂಗಳಲ್ಲಿ ಎಲ್‌ಟಿಟಿಇ ಪೂರ್ವ ಪ್ರಾಂತ್ಯದಲ್ಲಿ ಶರಣಾದ ನೂರಾರು ಪೊಲೀಸರನ್ನು ಸಾಲಾಗಿ ನಿಲ್ಲಿಸಿ ಕೊಂದಿತು. 1993ರ ಮೇ 1ರಂದು ಪ್ರೇಮದಾಸರನ್ನು ಆತ್ಮಾಹುತಿ ಬಾಂಬಿನಿಂದ ಮುಗಿಸಿತು.

ಅಷ್ಟರಲ್ಲಿ ಭಾರತದೊಳಗಿನ ಲೆಕ್ಕವೂ ತೀರಿತ್ತು. 1990ರ ಜೂನ್ 19ರಂದು ಮದರಾಸಿನ ಕೋಡಂಬಾಕ್ಕಂನಲ್ಲಿ ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಮತ್ತು ಸಂಗಡಿಗರನ್ನು ಹಾಡಹಗಲೇ ಎ.ಕೆ.-47 ಮತ್ತು ಗ್ರೆನೇಡುಗಳಿಂದ ಕೊಲ್ಲಲಾಯಿತು. ಕೊಂದವರು ಸಲೀಸಾಗಿ ಸಮುದ್ರ ದಾಟಿದರು. ಆ ತಂಡವನ್ನು ನಡೆಸಿದವನೇ ಶಿವರಾಸನ್. ಹನ್ನೊಂದು ತಿಂಗಳ ನಂತರ ಶ್ರೀಪೆರುಂಬುದೂರು. ಅಲ್ಲಿಂದ ತಪ್ಪಿಸಿಕೊಂಡವನು ಟ್ಯಾಂಕರ್ ಲಾರಿಯೊಳಗೆ ಅಡಗಿ ಬಂದು ಸೇರಿದ್ದು ಬೆಂಗಳೂರು.

ಆ ವರ್ಷ ಬೆಂಗಳೂರು ತಾನೇ ನೆಮ್ಮದಿಯಲ್ಲಿರಲಿಲ್ಲ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಜೂನ್‌ನಲ್ಲಿ ಬಂದಿತ್ತು. ಡಿಸೆಂಬರಿನಲ್ಲಿ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿದಾಗ ನಗರದಲ್ಲಿ ಗಲಭೆಯಾಗಿ ತಮಿಳರ ಅಂಗಡಿ, ಗುಡಿಸಲುಗಳು ಉರಿದವು. ತಲೆಮಾರುಗಳಿಂದ ಇಲ್ಲಿ ಬಾಳಿದ ತಮಿಳು ಕೂಲಿಕಾರನಿಗೂ ಜಾಫ್ನಾದ ಬಂದೂಕಿಗೂ ಏನೇನೂ ಸಂಬಂಧವಿರಲಿಲ್ಲ. ಆದರೆ ಅನುಮಾನಕ್ಕೆ ಅಷ್ಟು ವಿವೇಚನೆ ಎಲ್ಲಿಯದು?

ಹಾಗಾದರೆ 1983ರಲ್ಲಿ ಮಾಡಬೇಕಿದ್ದುದೇನು? ಕೈಕಟ್ಟಿ ಕೂರಬೇಕಿತ್ತೆ? ಈ ಪ್ರಶ್ನೆಯನ್ನು ಹಾರಿಸಿಕೊಂಡು ಹೋಗುವವರೇ ಹೆಚ್ಚು. ಕೊಲಂಬೊದಲ್ಲಿ ರಾಯಭಾರಿಯಾಗಿದ್ದ ಜೆ.ಎನ್. ದೀಕ್ಷಿತ್, ಲಂಕೆಯ ಉಗ್ರರಿಗೆ ಬೆಂಬಲ ಕೊಟ್ಟದ್ದು ಇಂದಿರಾ ಅವರ ವಿದೇಶಾಂಗ ನೀತಿಯ ಎರಡು ದೊಡ್ಡ ತಪ್ಪುಗಳಲ್ಲಿ ಒಂದೆಂದು ಮುಂದೆ ಬರೆದರು. ಇನ್ನೊಂದು, ಅಫ್ಘಾನಿಸ್ತಾನಕ್ಕೆ ರಷ್ಯನ್ನರು ನುಗ್ಗಿದಾಗ ತಾಳಿದ ಅಸ್ಪಷ್ಟ ನಿಲುವು. ಆದರೆ ಬಂದೂಕಿನ ಒತ್ತಡವಿಲ್ಲದೆ ಜಯವರ್ಧನೆ ಒಪ್ಪಂದಕ್ಕೆ ಬರುತ್ತಿದ್ದರೆಂದು ಹೇಳಲು ಹಿಂದಿನ ಮೂವತ್ತು ವರ್ಷಗಳಲ್ಲಿ ಯಾವ ಆಧಾರವೂ ಇಲ್ಲ. ಶಾಂತವಾಗಿ ಕೇಳಿದಾಗಲೆಲ್ಲ ಒಪ್ಪಂದ ಹರಿದುಹೋಗಿತ್ತು. ಅಫ್ಘಾನಿಸ್ತಾನದ ಮುಜಾಹಿದೀನರಿಗೆ ಅಮೆರಿಕ ಕೊಟ್ಟ ಸ್ಟಿಂಗರ್ ಕ್ಷಿಪಣಿಗಳೂ ಹೀಗೆಯೇ: ಕೇಳಿದ್ದ ಕೆಲಸವನ್ನು ಮಾಡಿದವು, ಕೇಳದ ಕೆಲಸಕ್ಕೂ ಆದಾವೆಂದು ಉಳಿದವನ್ನು ದುಡ್ಡು ಕೊಟ್ಟು ಮರಳಿ ಕೊಳ್ಳಲು ಅಮೆರಿಕವೇ ಅಲೆಯಬೇಕಾಯಿತು. ಸಿರಿಯಾದ ಬಂಡುಕೋರರಿಗೆ ಆಯುಧ ಕೊಡುವ ಪ್ರಶ್ನೆ ಬಂದಾಗ ಅಧ್ಯಕ್ಷ ಒಬಾಮಾ ಇಂಥ ಹಳೆಯ ಪ್ರಸಂಗಗಳನ್ನು ಸಿಐಎ ಕೈಯಲ್ಲಿ ಪರಿಶೀಲಿಸಿ ನೋಡಿದರು. ಬಹುಪಾಲು ವಿಫಲ ಎಂಬ ಉತ್ತರ ಬಂತು. ಆದರೂ ಕೊಟ್ಟರು.

ಭಾರತದ ತಪ್ಪು ಬಹುಶಃ ಕೊಟ್ಟದ್ದಕ್ಕಿಂತ ಕೊಟ್ಟ ರೀತಿಯಲ್ಲಿದೆ. ಎಲ್ಲವೂ ಗುಟ್ಟಾಗಿ ನಡೆದದ್ದರಿಂದ, ಕೊಟ್ಟದ್ದು ಎಷ್ಟು, ಯಾರಿಗೆ, ಯಾವಾಗ ನಿಲ್ಲಿಸಬೇಕು ಎಂದು ಸಂಸತ್ತಿನಲ್ಲಿ ಯಾರೂ ಕೇಳುವಂತಿರಲಿಲ್ಲ. ಇಲ್ಲವೆಂದು ಹೇಳಿದ ಶಿಬಿರವನ್ನು ಮುಚ್ಚುತ್ತೇವೆಂದು ಹೇಳುವುದು ಹೇಗೆ? ಈ ಕಡತಗಳು ಜನರೆದುರು ಸ್ವಲ್ಪ ಬಿಚ್ಚಿಕೊಂಡದ್ದು 1997ರಲ್ಲಿ, ಜೈನ್ ಆಯೋಗದ ಮಧ್ಯಂತರ ವರದಿ ಹೊರಬಂದಾಗ. ಆಗಲೂ ನೀತಿಯ ಬಗ್ಗೆ ಚರ್ಚೆಯಾಗಲಿಲ್ಲ. ವರದಿ ಡಿಎಂಕೆಯತ್ತ ಬೆರಳು ತೋರಿದ್ದನ್ನೇ ಹಿಡಿದು ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು, ಗುಜ್ರಾಲ್ ಸರ್ಕಾರ ಬಿತ್ತು. ತರಬೇತಿ ಆರಂಭಿಸಿದ್ದು ಯಾವ ಪಕ್ಷದ ಸರ್ಕಾರವೆಂಬುದು ಆ ಗದ್ದಲದಲ್ಲಿ ಮುಳುಗಿಹೋಯಿತು.

ಎಲ್‌ಟಿಟಿಇಯನ್ನು ಭಾರತ 1992ರ ಮೇ ತಿಂಗಳಲ್ಲಿ ನಿಷೇಧಿಸಿತು. ಪ್ರಭಾಕರನ್ 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್ ಬಳಿ ಸತ್ತ. ಅವನ ಸುತ್ತ, ಕಡಲದಂಡೆಯ ಕಿರಿದಾದ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದ ಸಾವಿರಾರು ಸಾಮಾನ್ಯ ತಮಿಳರೂ ಸತ್ತರು. ರಾಜೀವ್ ಹತ್ಯೆಯ ಅಪರಾಧಿಗಳಲ್ಲಿ ಉಳಿದಿದ್ದ ಆರು ಮಂದಿಯನ್ನು ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಕೋಣನಕುಂಟೆ ನಗರದೊಳಗೆ ಸೇರಿಹೋಗಿ, 2021ರಲ್ಲಿ ಕೋಣನಕುಂಟೆ ಕ್ರಾಸ್‌ಗೆ ಮೆಟ್ರೋ ಬಂತು.

1987ರ ಒಪ್ಪಂದದಿಂದ ಲಂಕೆಯ ತಮಿಳರಿಗೆ ಬರಹದಲ್ಲಿ ದಕ್ಕಿದ್ದು ಸಂವಿಧಾನದ 13ನೆಯ ತಿದ್ದುಪಡಿ ಮತ್ತು ಪ್ರಾಂತೀಯ ಮಂಡಳಿಗಳು. ಉತ್ತರ ಮತ್ತು ಪೂರ್ವವನ್ನು ಒಂದಾಗಿಸಿದ್ದ ಕ್ರಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಉತ್ತರ ಪ್ರಾಂತ್ಯದ ಜನ ತಮ್ಮದೇ ಮಂಡಳಿಗೆ ಮೊದಲ ಬಾರಿ ಮತ ಹಾಕಿದ್ದು 2013ರ ಸೆಪ್ಟೆಂಬರಿನಲ್ಲಿ, ಒಪ್ಪಂದಕ್ಕೆ ಸಹಿ ಬಿದ್ದ 26 ವರ್ಷಗಳ ಮೇಲೆ. ಅದರ ಅವಧಿ 2018ರಲ್ಲಿ ಮುಗಿಯಿತು. ಆಡಳಿತ ರಾಜ್ಯಪಾಲರ ಕೈಗೆ ಹೋಯಿತು.